ಮುಂಗೈ ಮೂಳೆಯ ವಕ್ರತೆ ಮತ್ತು ಮೂರು ಆಯಾಮದ ಯೋಜನೆ: ಒಂದು ವಿಮರ್ಶೆ

೧

ವಿಮರ್ಶೆಯೆಂಬುದು ಕಾವ್ಯ ನಾಟಕಗಳಿಗೆ ಮಾತ್ರ ಸಲ್ಲುವ ಕಾರ್ಯವೆಂದು ಎಣಿಸುವುದು ವಾಡಿಕೆ. ಆದರೆ ಒಂದು ಕೃತಿಯನ್ನು ಕುರಿತು ವಿಮರ್ಶಕನು ಕೇಳುವ ಪ್ರಶ್ನೆಗಳು, ಎಂದರೆ ಅದರ ಉದ್ದೇಶವೇನು, ಆ ಉದ್ದೇಶವು ಈಡೇರಿದೆಯೆ, ಈಡೇರಿದುದನ್ನು ಅಳೆದ ಅಳತೆಗೋಲು ಸರಿಯಾದುದೆ ಎಂಬವು, ವಿಜ್ಞಾನದ ಒಂದು ವಿಧಾನವನ್ನು ಕುರಿತೂ ಕೇಳತಕ್ಕವೇ ಆಗಿವೆ. ಮುರಿದು ಸೊಟ್ಟಗೆ ಕೂಡಿಕೊಂಡ ಮುಂಗೈ ಮೂಳೆಗಳನ್ನು ಮತ್ತೆ ಕತ್ತರಿಸಿ ನೇರ್ಪಡಿಸುವ ಶಸ್ತ್ರಚಿಕಿತ್ಸೆಗೆ ಕಳೆದ ಕೆಲವು ದಶಕಗಳಲ್ಲಿ ಮೂರು ಆಯಾಮದ ಯೋಜನೆಯೆಂಬ ಹೊಸ ಸಾಧನವು ಒದಗಿದೆ. ಇದನ್ನು ಹೊಗಳುವವರು ಅನೇಕರು. ಅದರ ಬೆಲೆಯನ್ನೂ ಮಿತಿಯನ್ನೂ ಒಟ್ಟಿಗೆ ತೂಗಿ ನೋಡುವ ಪ್ರಯತ್ನ ಕನ್ನಡದಲ್ಲಿ ಅಪರೂಪವಾದುದರಿಂದ ನಾವು ಇಲ್ಲಿ ಆ ಕೆಲಸಕ್ಕೆ ತೊಡಗಿದ್ದೇವೆ.

ನಮ್ಮ ವಿವೇಚನೆಗೆ ಒರೆಗಲ್ಲಾಗಿ ನಾವು ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮವನ್ನು ಆರಿಸಿಕೊಂಡಿದ್ದೇವೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಆರಂಭವಾದ ಖಾದಿ ಕೇಂದ್ರದಿಂದ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ೨೦೧೫ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈದುಡಿಮೆಯ ಪರವಾಗಿ ನಡೆಸಿದ ಬದನವಾಳು ಸತ್ಯಾಗ್ರಹವು ಅದನ್ನು ಮತ್ತೊಮ್ಮೆ ಜನರ ನೆನಪಿಗೆ ತಂದಿತು. ನೂಲುವುದು, ನೇಯುವುದು, ನಾಟಿ, ಕೊಯ್ಲು, ಇವೆಲ್ಲವೂ ಕೈಯನ್ನು ನೆಚ್ಚಿದ ಬಾಳುವೆಗಳು. ಇಂತಹ ಊರಿನಲ್ಲಿ ಮುಂಗೈ ಸೊಟ್ಟಗಾದರೆ ನಷ್ಟವಾಗುವುದೇನು, ಹೊಸ ವಿಧಾನವು ಅದರಲ್ಲಿ ಎಷ್ಟನ್ನು ಮರಳಿ ಕೊಡಬಲ್ಲದು ಎಂದು ಕೇಳಿದರೆ ವಿಧಾನದ ನಿಜವಾದ ಬೆಲೆ ತಿಳಿಯುವುದೆಂಬುದು ನಮ್ಮ ಅಭಿಪ್ರಾಯ.

೨

ಮೊದಲು ವಿಷಯದ ಶಾರೀರಕವನ್ನು ಸಂಕ್ಷೇಪವಾಗಿ ಹೇಳುವುದು ಆವಶ್ಯಕ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಗಿರುವುದು ಅಲ್ನಾ. ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್. ಅಲ್ನಾ ಹೆಚ್ಚು ಕಡಿಮೆ ನೇರವಾಗಿದ್ದು ಮೊಣಕೈಯಲ್ಲಿ ಬಿಜಾಗರಿಯಂತೆ ಕೂಡಿಕೊಂಡಿದೆ. ರೇಡಿಯಸ್ ಬಿಲ್ಲಿನಂತೆ ತುಸು ಬಾಗಿದೆ. ಅಂಗೈ ಅಂಗಾತವಾಗಿದ್ದಾಗ ಇವೆರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಅಂಗೈಯನ್ನು ಬೋರಲು ಮಾಡಿದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡವಾಗಿ ಹಾದುಹೋಗುತ್ತದೆ. ಈ ಹಾಯುವಿಕೆಗೆ ಎಡೆಮಾಡಿಕೊಡುವುದೇ ರೇಡಿಯಸ್ಸಿನ ಬಾಗು. ತಿರುವಿನ ಅಚ್ಚು ಮೊಣಕೈಯ ಬಳಿ ರೇಡಿಯಸ್ಸಿನ ತಲೆಯಿಂದ ಹೊರಟು ಮಣಿಕಟ್ಟಿನ ಬಳಿ ಅಲ್ನಾದ ತಲೆಯವರೆಗೆ ಓರೆಯಾಗಿ ಸಾಗುತ್ತದೆ. ಎರಡು ಮೂಳೆಗಳ ನಡುವೆ ಅವುಗಳ ಉದ್ದಕ್ಕೂ ಹಾಸಿದ ಗಟ್ಟಿಯಾದ ಪೊರೆಯೊಂದುಂಟು. ಆದಕಾರಣ ಮುಂಗೈಯನ್ನು ಎರಡು ಮೂಳೆಗಳ ಜೋಡಿಯೆನ್ನುವುದಕ್ಕಿಂತ, ಇಡಿಯಾಗಿ ಒಂದು ಕೀಲೆಂದು ತಿಳಿಯುವುದೇ ಯುಕ್ತ. ಕೀಲಿನ ಯಾವ ಭಾಗ ಕೆಟ್ಟರೂ ಇಡೀ ತಿರುವು ಕೆಡುತ್ತದೆ.

ಎಷ್ಟು ಸೊಟ್ಟಗಾದರೆ ಎಷ್ಟು ತಿರುವು ಕುಗ್ಗುವುದು? ೧೯೮೨ರಲ್ಲಿ ಅಮೆರಿಕದ ಮ್ಯಾಥ್ಯೂಸ್ ಮತ್ತು ಸಂಗಡಿಗರು ಶವಗಳ ಮುಂಗೈಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ೧೦ ಡಿಗ್ರಿಯ ಕೋನದಿಂದ ಹೆಚ್ಚಿನ ನಷ್ಟವಾಗಲಿಲ್ಲ. ೨೦ ಡಿಗ್ರಿಗೆ ಏರಿದಾಗ ನಷ್ಟವು ಬಳಕೆಗೆ ಅಡ್ಡಿಯಾಗುವಷ್ಟು ದೊಡ್ಡದಾಯಿತು. ಕೆನಡದ ಶೆಮಿಟ್ಷ್ ಮತ್ತು ರಿಚರ್ಡ್ಸ್ ೧೯೯೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೇಡಿಯಸ್ಸಿನ ಬಾಗು ಎಷ್ಟಿರಬೇಕೋ ಅಷ್ಟು ಮಾತ್ರವಲ್ಲದೆ ಎಲ್ಲಿರಬೇಕೋ ಅಲ್ಲಿಯೂ ಮರಳಿ ದೊರೆತವರಲ್ಲಿ ಕೈಯ ತಿರುವು ಚೆನ್ನಾಗಿ ಉಳಿಯಿತೆಂದು ಕಂಡುಬಂದಿತು. ಮೂಳೆ ಕೂಡಿಕೊಂಡಿತೆಂಬಷ್ಟರಿಂದಲೇ ಕೈ ಗುಣವಾಯಿತೆಂದು ಹೇಳಲಾಗದೆಂಬುದು ಇವುಗಳ ತಾತ್ಪರ್ಯ.

೩

ಹಿಂದಿನ ಕ್ರಮದಲ್ಲಿ ಶಸ್ತ್ರವೈದ್ಯನು ಎರಡು ಕ್ಷ-ಕಿರಣ ಚಿತ್ರಗಳನ್ನು ತೆಗೆಸುತ್ತಿದ್ದನು. ಒಂದು ಎದುರಿನಿಂದ, ಇನ್ನೊಂದು ಪಕ್ಕದಿಂದ. ಅವುಗಳ ಮೇಲೆ ತೆಳುವಾದ ಕಾಗದವಿಟ್ಟು ಮೂಳೆಯ ಗೆರೆಗಳನ್ನು ಎಳೆದು, ಕೋನವನ್ನು ಅಳೆದು, ಎಲ್ಲಿ ಕತ್ತರಿಸಬೇಕೆಂದು ನಿರ್ಣಯಿಸುತ್ತಿದ್ದನು. ಇಂದಿಗೂ ಬಹಳ ಕಡೆ ಇದೇ ಕ್ರಮವು ನಡೆಯುತ್ತಿದೆ, ಅದು ಅಲ್ಲಗಳೆಯತಕ್ಕುದಲ್ಲ. ಆದರೆ ಅದರಲ್ಲಿ ಎರಡು ಕೊರತೆಗಳಿವೆ.

ಮೊದಲನೆಯದು ಕೋನಕ್ಕೆ ಸಂಬಂಧಿಸಿದುದು. ಎದುರಿನ ಚಿತ್ರದಲ್ಲಿ ೨೦ ಡಿಗ್ರಿ, ಪಕ್ಕದ ಚಿತ್ರದಲ್ಲಿಯೂ ೨೦ ಡಿಗ್ರಿ ಬಾಗು ಕಂಡರೆ, ಮೂಳೆಯು ನಿಜವಾಗಿ ಬಾಗಿರುವುದು ಇವೆರಡರ ನಡುವಣ ಓರೆಯಾದ ಸಮತಲದಲ್ಲಿ. ಅಲ್ಲಿ ಅದರ ಅಳತೆ ಸುಮಾರು ೨೭ ಡಿಗ್ರಿ. ತ್ರಿಕೋನಮಿತಿ ತಿಳಿದ ವಿದ್ಯಾರ್ಥಿ ಇದನ್ನು ಲೆಕ್ಕಹಾಕಿ ನೋಡಬಹುದು. ಆದುದರಿಂದ ಈ ಕೊರತೆ ಲೆಕ್ಕದಿಂದ ತುಂಬತಕ್ಕದ್ದು. ಎರಡನೆಯ ಕೊರತೆ ಹಾಗಲ್ಲ. ಮುರಿದ ತುಂಡುಗಳು ತಮ್ಮ ಉದ್ದದ ಅಚ್ಚಿನ ಸುತ್ತ ತಿರುಚಿಕೊಂಡು ಕೂಡಿಕೊಂಡಿದ್ದರೆ, ಆ ತಿರುಚನ್ನು ಯಾವ ಚಿತ್ರವೂ ನೇರವಾಗಿ ತೋರಿಸಲಾರದು. ೧೯೪೫ರಷ್ಟು ಹಿಂದೆಯೇ ಎವಾನ್ಸ್ ಎಂಬ ಶಸ್ತ್ರವೈದ್ಯನು ರೇಡಿಯಸ್ಸಿನ ಮೇಲ್ತುದಿಯ ಬಳಿಯ ಒಂದು ಉಬ್ಬನ್ನು ಗುರುತಾಗಿಟ್ಟುಕೊಂಡು ತಿರುಚನ್ನು ಊಹಿಸುವ ಉಪಾಯವನ್ನು ಸೂಚಿಸಿದನು. ಎಷ್ಟಾದರೂ ಅದು ಊಹೆಯೇ. ಮುಂಗೈಗೆ ಪ್ರಾಣವಾದುದು ತಿರುವಾಗಿರುವಾಗ, ತಿರುಚನ್ನು ಕಾಣಲಾರದ ಕ್ರಮದಿಂದ ಅದನ್ನು ತಿದ್ದುವುದು ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ.

ಹೊಸ ವಿಧಾನವು ಈ ಎಡೆಯಲ್ಲಿ ನೆರವಿಗೆ ಬರುತ್ತದೆ. ಎರಡೂ ಮುಂಗೈಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ, ಅದರ ಪದರಗಳಿಂದ ಮೂಳೆಗಳ ಘನರೂಪವನ್ನು ಗಣಕಯಂತ್ರದಲ್ಲಿ ಕಟ್ಟುತ್ತಾರೆ. ಚೆನ್ನಾಗಿರುವ ಕೈಯ ಮೂಳೆಯನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ, ಸೊಟ್ಟಗಾದ ಮೂಳೆಯ ಮೇಲೆ ಇರಿಸುತ್ತಾರೆ. ಮೇಲಿನ ತುಂಡನ್ನು ಒಂದಕ್ಕೊಂದು ಹೊಂದಿಸಿದಾಗ ಕೆಳಗಿನ ತುಂಡು ಎಷ್ಟು ದೂರ ಸರಿದಿದೆ, ಎಷ್ಟು ಬಾಗಿದೆ, ಎಷ್ಟು ತಿರುಚಿದೆ ಎಂಬುದೆಲ್ಲ ಒಟ್ಟಿಗೆ ತಿಳಿಯುತ್ತದೆ. ಘನವಸ್ತುವಿನ ಯಾವುದೇ ಸ್ಥಾನಾಂತರವನ್ನು ಒಂದು ಅಚ್ಚಿನ ಸುತ್ತಣ ತಿರುವು ಮತ್ತು ಅದೇ ಅಚ್ಚಿನ ಉದ್ದಕ್ಕೆ ಒಂದು ಜಾರುವಿಕೆ ಎಂದು ಹೇಳಬಹುದೆಂಬ ಪ್ರಮೇಯವು ಫ್ರಾನ್ಸಿನ ಗಣಿತಜ್ಞ ಷಾಲ್ ಹೆಸರಿನಲ್ಲಿ ೧೮೩೦ರಿಂದ ಪ್ರಸಿದ್ಧವಾಗಿದೆ. ಆ ಅಚ್ಚನ್ನು ಕಂಡುಕೊಂಡರೆ, ಅದಕ್ಕೆ ಲಂಬವಾಗಿ ಮೂಳೆಯನ್ನು ಒಂದೇ ಸಲ ಓರೆಯಾಗಿ ಕತ್ತರಿಸಿ, ಕತ್ತರಿಸಿದ ಮುಖಗಳು ಒಂದರ ಮೇಲೊಂದು ಇರುವಂತೆಯೇ ತಿರುಗಿಸಿ, ಬಾಗನ್ನೂ ತಿರುಚನ್ನೂ ಒಟ್ಟಿಗೆ ತಿದ್ದುವುದು ಕೆಲವು ಪ್ರಸಂಗಗಳಲ್ಲಿ ಸಾಧ್ಯವಾಗುತ್ತದೆ. ಯೋಜನೆಯನ್ನು ಶಸ್ತ್ರಕ್ರಿಯೆಯ ಮೇಜಿಗೆ ಒಯ್ಯುವುದಕ್ಕಾಗಿ, ಆ ರೋಗಿಯ ಮೂಳೆಯ ಮೇಲ್ಮೈಗೆ ಮಾತ್ರ ಹೊಂದುವ ಅಚ್ಚುಪಟ್ಟಿಯೊಂದನ್ನು ತ್ರೀ-ಡಿ ಮುದ್ರಣದಿಂದ ತಯಾರಿಸುತ್ತಾರೆ. ಗರಗಸವು ಅದರ ಸೀಳಿನಲ್ಲಿಯೇ ಹಾಯಬೇಕು.

೪

ಈ ವಿಧಾನದ ಗುಣವನ್ನು ನಾವು ಮೊದಲು ಒಪ್ಪಿಕೊಳ್ಳುತ್ತೇವೆ. ಜಪಾನಿನ ಒಸಾಕಾದ ಮುರಾಸೆ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ವರದಿಯಿಂದ ಮೊದಲುಗೊಂಡು ಅನೇಕ ಕಡೆಗಳಿಂದ ಬಂದ ಅನುಭವಗಳು, ಯೋಜಿಸಿದ ಸ್ಥಾನಕ್ಕೂ ಶಸ್ತ್ರಕ್ರಿಯೆಯ ಬಳಿಕ ದೊರೆತ ಸ್ಥಾನಕ್ಕೂ ಇರುವ ಅಂತರವನ್ನು ಕೆಲವೇ ಡಿಗ್ರಿಗಳಿಗೆ ಇಳಿಸಬಹುದೆಂದು ತೋರಿಸಿವೆ. ಮಕ್ಕಳ ಮುಂಗೈಯ ಸೊಟ್ಟಕೂಡಿಕೆಯನ್ನು ಕುರಿತು ರಾತ್ ಮತ್ತು ಸಂಗಡಿಗರು ೨೦೧೭ರಲ್ಲಿ ಹಿಂದಿನ ವರದಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಒಳ್ಳೆಯ ಫಲದೊಂದಿಗೆ ಮೂರು ಸಂಗತಿಗಳು ಕೂಡಿಬಂದವು: ಪೆಟ್ಟು ಬಿದ್ದ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ನಡೆದಿರುವುದು, ಬಾಗು ೨೦ ಡಿಗ್ರಿಗಿಂತ ಹೆಚ್ಚಾಗಿದ್ದುದು, ಮೂರು ಆಯಾಮದ ಗಣಕ ಯೋಜನೆಯನ್ನು ಬಳಸಿದುದು. ಆದುದರಿಂದ ಇದು ಕೇವಲ ಆಡಂಬರದ ಯಂತ್ರವೆಂದು ತಳ್ಳಿಹಾಕುವವರ ಮಾತು ನಿಲ್ಲತಕ್ಕುದಲ್ಲ.

ಆದರೆ ಅಷ್ಟಕ್ಕೇ ತೀರ್ಪು ಮುಗಿಯುವುದಿಲ್ಲ. ವಿಧಾನಗಳೆರಡನ್ನು ಚೀಟಿಯೆತ್ತಿದಂತೆ ರೋಗಿಗಳಿಗೆ ಹಂಚಿ ಹೋಲಿಸಿ ನೋಡಿದ ಪರೀಕ್ಷೆಗಳು ವಿರಳ. ೨೦೧೮ರಲ್ಲಿ ಬುಯೆಜ಼ೆ ಮತ್ತು ಸಂಗಡಿಗರು ಹಲವು ಆಸ್ಪತ್ರೆಗಳ ೪೦ ರೋಗಿಗಳಲ್ಲಿ, ಮಣಿಕಟ್ಟಿನ ಬಳಿ ರೇಡಿಯಸ್ ಸೊಟ್ಟಗೆ ಕೂಡಿಕೊಂಡ ಪ್ರಸಂಗಗಳಲ್ಲಿ, ಇಂತಹ ಪರೀಕ್ಷೆಯನ್ನು ನಡೆಸಿ ಪ್ರಕಟಿಸಿದರು. ಕ್ಷ-ಕಿರಣ ಚಿತ್ರದ ಅಳತೆಗಳಲ್ಲಿ ಹೊಸ ವಿಧಾನವು ಸ್ಪಷ್ಟವಾಗಿ ಮೇಲಾಯಿತು. ಒಂದು ವರ್ಷದ ಬಳಿಕ ರೋಗಿಗಳು ತಮ್ಮ ಕೈಯ ಬಳಕೆಯನ್ನು ಕುರಿತು ತಾವೇ ಹೇಳಿದ ಮಾತಿನಲ್ಲಿ ಮಾತ್ರ ಅಂತರವು ನಿರ್ಣಾಯಕವಾಗಲಿಲ್ಲ. ಹೊಸ ವಿಧಾನದ ಕಡೆಗೆ ಒಲವು ಕಂಡರೂ ಅದನ್ನು ಸ್ಥಾಪಿಸಲು ರೋಗಿಗಳ ಸಂಖ್ಯೆ ಸಾಲದಾಯಿತು. ವಾಚಕರು ಈ ಫಲಿತಾಂಶವನ್ನು ಎರಡು ಬಗೆಯಾಗಿ ತಪ್ಪು ತಿಳಿಯುವ ಸಂಭವವುಂಟು. ಹೊಸ ವಿಧಾನದಿಂದ ಪ್ರಯೋಜನವಿಲ್ಲವೆಂದು ಇದು ಸಿದ್ಧಪಡಿಸಿಲ್ಲ. ಚಿತ್ರದಲ್ಲಿ ಮೂಳೆ ಹೆಚ್ಚು ಸರಿಯಾದರೆ ಬದುಕಿನಲ್ಲಿ ಕೈ ಅಷ್ಟೇ ಹೆಚ್ಚು ಸರಿಯಾಗುವುದೆಂದೂ ಇದು ಸಿದ್ಧಪಡಿಸಿಲ್ಲ. ಮೂಳೆಯ ಆಕಾರ, ಕೈಯ ಬಳಕೆ ಇವೆರಡರ ನಡುವೆ ಇನ್ನೂ ತುಂಬದ ಒಂದು ತೆರಪಿದೆ. ನಮ್ಮ ವಿಮರ್ಶೆಯು ಆ ತೆರಪಿಗೆ ಸಂಬಂಧಿಸಿದುದು.

೫

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಮ್ಮಲ್ಲಿದೆ. ಮುಂಗೈ ಮೂಳೆಗೆ ಕನ್ನಡಿ ಬೇಕೆಂಬುದು ಹೊಸ ವಿಧಾನದ ತಳಹದಿ. ಈ ಕನ್ನಡಿಯನ್ನು ಎಷ್ಟು ನಂಬಬಹುದು? ಆರೋಗ್ಯವಂತರ ಎರಡೂ ಮುಂಗೈಗಳನ್ನು ಹೀಗೆಯೇ ಅಳೆದು ನೋಡಿದಾಗ, ಎಡ ಬಲಗಳು ಬಹುಮಟ್ಟಿಗೆ ಹೊಂದಿದರೂ ಉದ್ದದಲ್ಲಿ ಕೆಲವು ಮಿಲಿಮೀಟರುಗಳ, ತಿರುಚಿನಲ್ಲಿ ಕೆಲವು ಡಿಗ್ರಿಗಳ ವ್ಯತ್ಯಾಸವಿರುವುದು ಕಂಡುಬಂದಿದೆ. ಯಂತ್ರವು ಒಂದು ಡಿಗ್ರಿಯ ಭಾಗವನ್ನೂ ಬರೆದು ತೋರಿಸುತ್ತದೆ. ಆದರೆ ಅದು ಗುರಿಯಾಗಿಟ್ಟುಕೊಂಡ ಮಾದರಿಯೇ ಕೆಲವು ಡಿಗ್ರಿಗಳಷ್ಟು ಅನಿಶ್ಚಿತವಾಗಿದ್ದರೆ, ಆ ಸೂಕ್ಷ್ಮತೆಗೆ ಅಷ್ಟರ ಮಟ್ಟಿಗೆ ಅರ್ಥವಿಲ್ಲ. ಅಲ್ಲದೆ ಎರಡೂ ಕೈಗಳ ಮೂಳೆ ಕೆಟ್ಟಿರುವ ಪ್ರಸಂಗಗಳುಂಟು. ಹುಟ್ಟಿನಿಂದಲೇ ಎರಡೂ ಮೂಳೆಗಳು ಬೆಸೆದುಕೊಂಡಿರುವ ಮಕ್ಕಳಲ್ಲಿ, ಮೂಳೆಗಂಟುಗಳು ಮೈಯೆಲ್ಲ ಬೆಳೆಯುವ ವಂಶಪಾರಂಪರ್ಯ ರೋಗದಲ್ಲಿ, ಬಾಲ್ಯದಲ್ಲಿ ಮೂಳೆ ಮೆತ್ತಗಾಗಿ ಬಾಗಿದವರಲ್ಲಿ, ಕನ್ನಡಿ ಹಿಡಿಯಲು ಒಳ್ಳೆಯ ಕೈಯೇ ಇರುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಸಿ.ಟಿ. ಸ್ಕ್ಯಾನಿನಿಂದ ಕಟ್ಟಿದ ರೂಪದಲ್ಲಿ ಮೂಳೆ ಮಾತ್ರ ಇದೆ. ಪೊರೆ, ಸ್ನಾಯು, ಕೀಲಿನ ಚೀಲ, ಇವು ಅದರಲ್ಲಿ ಇಲ್ಲ. ವರ್ಷಗಟ್ಟಲೆ ಸೊಟ್ಟ ಮೂಳೆಗೆ ಹೊಂದಿಕೊಂಡು ಕುಗ್ಗಿದ ಪೊರೆಯು ಮೂಳೆ ನೇರವಾದ ಮಾತ್ರಕ್ಕೆ ಹಿಗ್ಗಿಬಿಡುವುದಿಲ್ಲ. ಒಂದು ವರ್ಷದೊಳಗೆ ತಿದ್ದಿದ ಕೈಗಳಲ್ಲಿ ಫಲ ಒಳ್ಳೆಯದಾಗಿರುವುದಕ್ಕೆ ಇದು ಒಂದು ಕಾರಣವಾಗಿರಬಹುದೆಂದು ತೋರುತ್ತದೆ. ಇನ್ನು ಕಟ್ಟು ಅತಿ ಬಿಗಿಯಾಗಿ, ಅದು ಬಿದಿರಿನ ದಬ್ಬೆಯ ಕಟ್ಟಾಗಲಿ ಆಸ್ಪತ್ರೆಯ ಪ್ಲಾಸ್ಟರಾಗಲಿ, ರಕ್ತ ಹರಿಯದೆ ಸ್ನಾಯುಗಳು ಸತ್ತು ಕುಗ್ಗಿ ಬೆರಳುಗಳು ಮಡಿಚಿಕೊಂಡರೆ, ೧೮೮೧ರಲ್ಲಿ ಜರ್ಮನಿಯ ಫೋಕ್‌ಮನ್ ವಿವರಿಸಿದ ಆ ವಿಕೃತಿಯನ್ನು ಮೂಳೆಯ ಯಾವ ಯೋಜನೆಯೂ ತಿದ್ದಲಾರದು.

೬

ಈಗ ನಾವು ಒರೆಗಲ್ಲಿನ ಬಳಿಗೆ ಬರಬಹುದು. ಕೈಗೆ ಎಷ್ಟು ತಿರುವು ಇದ್ದರೆ ಸಾಕು ಎಂಬ ಪ್ರಶ್ನೆಗೆ ಶಸ್ತ್ರವೈದ್ಯರು ಸಾಮಾನ್ಯವಾಗಿ ಕೊಡುವ ಉತ್ತರ ೧೯೮೧ರಷ್ಟು ಹಳೆಯದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಮಾರಿ ಮತ್ತು ಸಂಗಡಿಗರು ದಿನನಿತ್ಯದ ಕೆಲಸಗಳನ್ನು ಅಳೆದು, ಬೋರಲಿಗೆ ೫೦ ಡಿಗ್ರಿ, ಅಂಗಾತಕ್ಕೆ ೫೦ ಡಿಗ್ರಿ, ಒಟ್ಟು ೧೦೦ ಡಿಗ್ರಿ ಇದ್ದರೆ ಬಹುಪಾಲು ಕೆಲಸಗಳು ನಡೆಯುತ್ತವೆಂದು ಹೇಳಿದರು. ಅವರು ಅಳೆದ ಕೆಲಸಗಳೆಂದರೆ ಫೋರ್ಕಿನಿಂದ ತಿನ್ನುವುದು, ಚಾಕುವಿನಿಂದ ಕತ್ತರಿಸುವುದು, ಟೆಲಿಫೋನನ್ನು ಕಿವಿಗೆ ಹಿಡಿಯುವುದು, ವೃತ್ತಪತ್ರಿಕೆಯನ್ನು ಓದುವುದು ಮೊದಲಾದವು. ಅಳತೆಯಲ್ಲಿ ದೋಷವಿಲ್ಲ; ಆದರೆ ಅದು ಯಾರ ಬಾಳಿನ ಅಳತೆ ಎಂಬುದನ್ನು ಮರೆಯಬಾರದು.

ಬದನವಾಳಿನಂತಹ ಊರಿನ ದಿನಚರಿಯನ್ನು ಇದರ ಪಕ್ಕದಲ್ಲಿ ಇರಿಸಿ ನೋಡೋಣ. ಅನ್ನವನ್ನು ಕೈಯಿಂದ ಕಲಸಿ ತುತ್ತು ಮಾಡಿ ಬಾಯಿಗೆ ಇಡಬೇಕಾದರೆ ಅಂಗೈ ಬೋರಲಿನಿಂದ ಮುಖದ ಕಡೆಗೆ ತಿರುಗಬೇಕು. ಬೊಗಸೆಯೊಡ್ಡಿ ನೀರು ಕುಡಿಯಲು, ತೀರ್ಥ ಪ್ರಸಾದಗಳನ್ನು ಪಡೆಯಲು, ಕಾಳನ್ನು ತುಂಬಿಕೊಳ್ಳಲು, ಎರಡೂ ಅಂಗೈಗಳು ಪೂರ್ತಿಯಾಗಿ ಅಂಗಾತವಾಗಬೇಕು. ಮೊರದಲ್ಲಿ ಕೇರುವಾಗ ಎರಡು ಕೈಗಳ ತಿರುವುಗಳೂ ಒಂದೇ ತಾಳದಲ್ಲಿ ಹೊಂದಬೇಕು. ಸಸಿ ನೆಡುವವಳ ಕೈಗೆ ಬೋರಲು ಬೇಕು. ಚರಕದ ಹಿಡಿಯನ್ನು ತಿರುಗಿಸುವ ಕೈಗೆ ಭುಜ ಮೊಣಕೈಗಳ ಬಲ ಒದಗುತ್ತದೆ; ಹಂಜಿಯಿಂದ ಎಳೆ ತೆಗೆಯುವ, ಕಡಿದ ಎಳೆಯನ್ನು ಕೂಡಿಸುವ ಕೈಗೆ ಮಾತ್ರ ಮುಂಗೈಯ ಸಣ್ಣ ಸಣ್ಣ ತಿರುವುಗಳು ಬಿಡುವಿಲ್ಲದೆ ಬೇಕಾಗುತ್ತವೆ.

ಇಲ್ಲಿ ಶಾರೀರಕದ ಒಂದು ಸಂಗತಿ ಮಹತ್ತ್ವದ್ದು. ಬೋರಲಿನ ತಿರುವು ಕುಗ್ಗಿದರೆ ಮೊಣಕೈಯನ್ನು ಪಕ್ಕೆಯಿಂದ ದೂರ ಎತ್ತಿ ಭುಜದಿಂದ ಒಂದಿಷ್ಟು ಸರಿದೂಗಿಸಬಹುದು. ಅಂಗಾತದ ತಿರುವು ಕುಗ್ಗಿದರೆ ಭುಜದಿಂದ ಅಷ್ಟು ನೆರವು ದೊರೆಯದು. ಮೇಜಿನ ಮುಂದೆ ಬೆರಳಚ್ಚು ಮಾಡುವವನಿಗೆ ಬೋರಲು ಮುಖ್ಯವಾಗಿರಬಹುದು. ಬೊಗಸೆಯ ಬಾಳಿಗೆ ಅಂಗಾತವು ಮುಖ್ಯ. ಒಟ್ಟು ತಿರುವನ್ನು ಹಿಗ್ಗಿಸಲು ಆಗದ ಕೈಗಳಲ್ಲಿಯೂ ಮೂಳೆಯನ್ನು ತಿರುಗಿಸಿ ಕೂಡಿಸುವುದರಿಂದ, ಇರುವ ತಿರುವನ್ನು ಬೋರಲಿನ ಕಡೆಯಿಂದ ಅಂಗಾತದ ಕಡೆಗೋ, ಅಂಗಾತದ ಕಡೆಯಿಂದ ಬೋರಲಿನ ಕಡೆಗೋ ಸರಿಸಬಹುದು. ಯಾವ ಕಡೆಗೆ ಸರಿಸಬೇಕೆಂಬ ಪ್ರಶ್ನೆಗೆ ಕನ್ನಡಿಯ ಮೂಳೆ ಉತ್ತರ ಹೇಳಲಾರದು. ಆ ಕೈಯಿಂದ ದುಡಿಯುವವರು ಹೇಳಬಲ್ಲರು. ಮೂರು ಆಯಾಮದ ಯೋಜನೆಯ ಮೇಲೆ ನಮ್ಮ ಮುಖ್ಯವಾದ ಆಕ್ಷೇಪವಿದು: ಅದು ಮಾದರಿಯನ್ನು ಎರಡನೆಯ ಕೈಯಿಂದ ತೆಗೆದುಕೊಳ್ಳುತ್ತದೆ, ಕೈಯ ಕೆಲಸದಿಂದ ತೆಗೆದುಕೊಳ್ಳುವುದಿಲ್ಲ. ಈ ದೋಷವು ವಿಧಾನಕ್ಕೆ ಸಹಜವಾದುದಲ್ಲ. ಯಂತ್ರದಲ್ಲಿ ಗುರಿಯನ್ನು ಬದಲಾಯಿಸಲು ಅಡ್ಡಿಯೇನೂ ಇಲ್ಲ. ಗುರಿ ಯಾವುದೆಂದು ಮೊದಲೇ ಕೇಳಿಕೊಳ್ಳುವ ಪದ್ಧತಿಯನ್ನು ನಾವು ಬೆಳೆಸಿಲ್ಲ.

೭

ಹೀಗಿರಲು ಹೊಸ ವಿಧಾನವನ್ನು ಎಲ್ಲಿ ಬಳಸಬೇಕು? ತಿರುಚು ಬಾಗುಗಳು ಒಂದರೊಳಗೊಂದು ಹೆಣೆದುಕೊಂಡಿರುವ ನಡುಮೂಳೆಯ ಸೊಟ್ಟಕೂಡಿಕೆಯಲ್ಲಿ, ಎರಡೂ ಮೂಳೆಗಳನ್ನು ಕತ್ತರಿಸಬೇಕಾಗಿರುವಲ್ಲಿ, ಒಮ್ಮೆ ತಿದ್ದಿದುದು ಮತ್ತೆ ಕೆಟ್ಟಿರುವಲ್ಲಿ ಅದಕ್ಕೆ ಸಮನಾದುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದೇ ಸಮತಲದ ಸರಳವಾದ ಬಾಗಿಗೆ ಎರಡು ಒಳ್ಳೆಯ ಚಿತ್ರಗಳು ಮತ್ತು ಎಚ್ಚರಿಕೆಯ ಕೈ ಸಾಕಾಗಬಹುದು. ಅಚ್ಚುಪಟ್ಟಿಯನ್ನು ಮೂಳೆಗೆ ಹೊಂದಿಸಲು ಸ್ನಾಯುಗಳನ್ನು ಹೆಚ್ಚಾಗಿ ಬಿಡಿಸಬೇಕಾಗುವುದೆಂಬುದನ್ನೂ, ಪಟ್ಟಿಯು ತುಸು ಜಾರಿ ಕುಳಿತರೆ ಎಲ್ಲ ಲೆಕ್ಕವೂ ಅಷ್ಟೇ ಜಾರುವುದೆಂಬುದನ್ನೂ, ತಂತ್ರಾಂಶ ಮುದ್ರಣಗಳ ವೆಚ್ಚವನ್ನೂ ಗಣನೆಗೆ ತಂದುಕೊಳ್ಳಬೇಕು.

ಇನ್ನೂ ಒಂದು ಮಾತು ಉಳಿದಿದೆ. ಸೊಟ್ಟಗೆ ಕೂಡಿಕೊಂಡ ಮೂಳೆಗೆ ಒಂದು ಪೂರ್ವಚರಿತ್ರೆಯುಂಟು. ನಮ್ಮ ಹಳ್ಳಿಗಳಲ್ಲಿ ಕೈ ಮುರಿದವರು ಕಟ್ಟು ಹಾಕುವವರ ಬಳಿಗೆ ಹೋಗುವುದು ಇಂದಿಗೂ ಉಂಟು. ಆಂಧ್ರದ ಪುತ್ತೂರು ಕಟ್ಟಿನ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆ ವಿದ್ಯೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೆರಳಿನಿಂದ ತಡವಿ ಬಾಗನ್ನು ಕಂಡುಹಿಡಿಯುವ ನೈಪುಣ್ಯ ಅದರಲ್ಲಿದೆ. ಆದರೆ ತಿರುಚು ಬೆರಳಿಗೆ ಸಿಕ್ಕುವಂತಹುದಲ್ಲ, ಎರಡು ಚಿತ್ರಗಳಿಗೇ ಸಿಕ್ಕದೆ ಹೋದುದು ಬೆರಳಿಗೆ ಹೇಗೆ ಸಿಕ್ಕೀತು? ಬೆಳೆಯುವ ಮಗುವಿನಲ್ಲಿ ಮಣಿಕಟ್ಟಿನ ಬಳಿಯ ಬಾಗು ವರ್ಷಗಳು ಕಳೆದಂತೆ ಬಹುಮಟ್ಟಿಗೆ ತಾನಾಗಿಯೇ ನೇರವಾಗುತ್ತದೆ. ನಡುಮೂಳೆಯ ಬಾಗು ಹತ್ತು ವರ್ಷ ದಾಟಿದ ಮೇಲೆ ಅಷ್ಟಾಗಿ ನೇರವಾಗುವುದಿಲ್ಲ. ತಿರುಚಂತೂ ಬೆಳವಣಿಗೆಯಿಂದ ಸರಿಹೋಗುವುದೆಂದು ನಂಬುವಂತಿಲ್ಲ. ಮಗು ಬೆಳೆದಂತೆ ಎಲ್ಲ ಸರಿಹೋದೀತೆಂದು ಕಾಯುವ ಮನೆಯವರು, ತಮಗೆ ಅರಿವಿಲ್ಲದೆಯೇ ಆ ಒಂದು ವರ್ಷದ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಆದಕಾರಣ ಯೋಜನೆಯು ಗಣಕಯಂತ್ರಕ್ಕಿಂತ ಬಹಳ ಮುಂಚೆಯೇ ಆರಂಭವಾಗತಕ್ಕದ್ದು. ಕೈ ಮುರಿದ ದಿನವೇ ಮೊಣಕೈ ಮಣಿಕಟ್ಟುಗಳೆರಡೂ ಕಾಣುವಂತೆ ಚಿತ್ರ ತೆಗೆಸುವುದು, ಮೊದಲ ವಾರಗಳಲ್ಲಿ ಮೂಳೆ ಜಾರಿದೆಯೇ ಎಂದು ಮತ್ತೆ ನೋಡುವುದು, ಕಟ್ಟು ಬಿಚ್ಚಿದ ಬಳಿಕ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಅಂಗೈಗಳನ್ನು ಅಂಗಾತವೂ ಬೋರಲೂ ಮಾಡಿಸಿ ಹೋಲಿಸುವುದು, ಇವಕ್ಕೆ ದೊಡ್ಡ ವೆಚ್ಚವಿಲ್ಲ. ಕೊನೆಯದಕ್ಕೆ ಯಾವ ಉಪಕರಣವೂ ಬೇಡ. ಶಾಲೆಯ ಉಪಾಧ್ಯಾಯರೋ ಆರೋಗ್ಯ ಕಾರ್ಯಕರ್ತೆಯೋ ಅದನ್ನು ಬದನವಾಳಿನ ಯಾವ ಜಗಲಿಯ ಮೇಲಾದರೂ ಮಾಡಬಲ್ಲರು. ಎರಡು ಅಂಗೈಗಳು ಒಂದೇ ಸಮನಾಗಿ ಅಂಗಾತವಾಗದಿದ್ದರೆ ಮಗುವನ್ನು ವರ್ಷ ಕಳೆಯುವ ಮೊದಲು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಶಸ್ತ್ರವೈದ್ಯನು ಸ್ಕ್ಯಾನ್ ಮಾಡಿಸುವುದಕ್ಕೆ ಮುನ್ನ, ಈ ಕೈ ಮುಂದೆ ಏನೇನು ಕೆಲಸ ಮಾಡಬೇಕಾಗಿದೆಯೆಂದು ತಂದೆತಾಯಿಗಳನ್ನು ಕೇಳಿ ಬರೆದಿಟ್ಟುಕೊಂಡರೆ, ಮೂರು ಆಯಾಮದ ಯೋಜನೆಗೆ ಇಂದು ಇಲ್ಲದಿರುವ ಗುರಿಯು ದೊರೆತಂತಾಗುತ್ತದೆ.